ಫಾಲ್ಸ್ ಈಸ್ ನಾಟ್ ಟ್ರೂ: ಕಬ್ಬಿನ ಬಿಲ್ಲಿನ ಟೆಸ್ಟ್ ಓದುವಂತಾದ ಪ್ರಕರಣ

ಇದು 2025ರ ಅಕ್ಟೋಬರ್‌ನಲ್ಲಿ ನಡೆದದ್ದು. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಮ್ಮ ಕೆಲಸ. ಕಾಟಾದ (ತೂಕದ ಯಂತ್ರದ) ಮೇಲೆ ಟ್ರ್ಯಾಕ್ಟರ್ ನಿಂತಲ್ಲಿಂದ ಶುರುವಾಗಿ, ರೈತರ ಖಾತೆಗೆ ದುಡ್ಡು ಬೀಳುವವರೆಗಿನ ಲೆಕ್ಕವೆಲ್ಲ ಅದರಲ್ಲಿದೆ. ಮೂಲ ಕೋಡ್ ನಮ್ಮದಲ್ಲ. ಮೊದಲು ಬೇರೊಂದು ಕಂಪನಿ ಬರೆದಿತ್ತು. ಅವರು ಕೈಬಿಟ್ಟ ಮೇಲೆ ನಮ್ಮ ಹತ್ತಿರ ಬಂತು. ಕೋಡ್ ಜೊತೆ ಟೆಸ್ಟುಗಳೂ ಬಂದವು, ಅಂದರೆ ಕೋಡ್ ಸರಿಯಾಗಿ ಲೆಕ್ಕ ಮಾಡುತ್ತದೆಯೇ ಅಂತ ತಾವಾಗಿ ಪರೀಕ್ಷಿಸುವ ಸಣ್ಣ ಪ್ರೋಗ್ರಾಮುಗಳು. ಎಲ್ಲವೂ ಪಾಸ್ ಆಗುತ್ತಿದ್ದವು. ಹಾಗಾಗಿ ಅವುಗಳ ಒಳಗೆ ಏನಿದೆ ಅಂತ ಯಾರೂ ತೆಗೆದು ನೋಡಿರಲಿಲ್ಲ.

ಪ್ರಕರಣ ಅರ್ಥವಾಗಬೇಕಾದರೆ ಕಬ್ಬಿನ ದರದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುತ್ತದೆ. 2024-25ಕ್ಕೆ ಅದು ಕ್ವಿಂಟಲ್‌ಗೆ 340 ರೂಪಾಯಿ ಇತ್ತು, 10.25 ಶೇಕಡಾ ರಿಕವರಿಗೆ. ರಿಕವರಿ ಅಂದರೆ ನುರಿಸಿದ ಕಬ್ಬಿನಲ್ಲಿ ಎಷ್ಟು ಸಕ್ಕರೆ ಕೈಗೆ ಬಂತು ಅನ್ನುವ ಪ್ರಮಾಣ. ರಿಕವರಿ 0.1 ಏರಿದರೆ ದರಕ್ಕೆ 3.32 ರೂಪಾಯಿ ಕೂಡುತ್ತದೆ, ಇಳಿದರೆ ಅಷ್ಟೇ ಕಳೆಯುತ್ತದೆ. 2025-26ಕ್ಕೆ ಮೂಲ ದರ 355 ಆಯಿತು, 0.1ರ ಹೆಜ್ಜೆಗೆ 3.46 ಆಯಿತು. ಇನ್ನೊಂದು ನಿಯಮವೂ ಇದೆ, ಅದರ ವಿಷಯ ಆಮೇಲೆ ಬರುತ್ತದೆ. ಅಕ್ಟೋಬರ್ 1ರಿಂದ ಹೊಸ ಹಂಗಾಮಿನ ದರ ಲೆಕ್ಕಕ್ಕೆ ಬರುತ್ತದೆ, ನವೆಂಬರ್ ಹೊತ್ತಿಗೆ ನಮ್ಮ ಕಡೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರ್ ಸಾಲು ಶುರು. ಅಷ್ಟರೊಳಗೆ ಹೊಸ ದರ ಸಾಫ್ಟ್‌ವೇರ್‌ನಲ್ಲಿ ಇರಲೇಬೇಕು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ 15 ಶೇಕಡಾ ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಪ್ಪಾದರೆ ತಿದ್ದಲು ತಿಂಗಳುಗಟ್ಟಲೆ ಕೂರುವ ಹಾಗಿಲ್ಲ.

ಹೊಸ ದರ ಹಾಕುವ ಕೆಲಸವನ್ನು ಆ ವರ್ಷ ನಮ್ಮಲ್ಲಿ ಸೇರಿದ ಹುಡುಗಿಗೆ ಕೊಟ್ಟಿದ್ದೆ. ಕೆಲಸ ಚಿಕ್ಕದು. ಕಾನ್ಫಿಗ್ ಫೈಲಿನಲ್ಲಿ ಹೊಸ ಹಂಗಾಮಿನ ಎರಡು ಅಂಕಿ ಸೇರಿಸಿದಳು, ಕಮಿಟ್ ಮಾಡಿದಳು. ಬಿಲ್ಡ್ ಕೆಂಪಾಯಿತು, ಅಂದರೆ ಟೆಸ್ಟ್ ಫೇಲ್ ಆಯಿತು. ಪರದೆಯ ಮೇಲೆ ಬಂದದ್ದು ಇಷ್ಟು:

ಅಸರ್ಷನ್‌ಎರರ್: ಫಾಲ್ಸ್ ಈಸ್ ನಾಟ್ ಟ್ರೂ

ಸುಳ್ಳು ಸತ್ಯವಲ್ಲ. ಮಠದ ಪ್ರವಚನದಲ್ಲಿ ಈ ಮಾತು ಚೆನ್ನಾಗಿರುತ್ತದೆ, ಬಿಲ್ಡ್ ಲಾಗ್‌ನಲ್ಲಿ ಇದನ್ನು ಇಟ್ಟುಕೊಂಡು ಏನು ಮಾಡುವುದು?

ಟೆಸ್ಟ್ ಒಳಗೆ ಏನಿತ್ತು

(ಕೋಡಿನ ಸಾಲುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ಎಡಿಟರ್‌ನಲ್ಲಿ ಪೈಥಾನ್ ಕೀವರ್ಡ್‌ಗಳು ಇಂಗ್ಲಿಷ್‌ನಲ್ಲೇ ಇರಬೇಕು.)

'ಇದು ಹೀಗೇ ಇರಬೇಕು' ಅಂತ ಟೆಸ್ಟ್‌ನಲ್ಲಿ ಹೇಳುವ ಸಾಲಿಗೆ ಅಸರ್ಷನ್ ಅನ್ನುತ್ತಾರೆ. ಫೇಲ್ ಆದ ಸಾಲು ಹೀಗಿತ್ತು:

ಸೆಲ್ಫ್.ಅಸರ್ಟ್‌ಟ್ರೂ(ಚೆಕ್_ಬಿಲ್(ಬಿ1, ಆರ್1))

ಅದರ ಕೆಳಗೆ ಇದೇ ತರಹದ ಸಾಲುಗಳು ಒಂದರ ಹಿಂದೆ ಒಂದು, ಬಿ2, ಬಿ3 ಅಂತ. ಎಲ್ಲ ಒಂದೇ ಟೆಸ್ಟ್ ಫಂಕ್ಷನ್‌ನಲ್ಲಿ. ಮೊದಲನೆಯದು ಬಿದ್ದರೆ ಉಳಿದವು ಓಡುವುದೇ ಇಲ್ಲ. ಚೆಕ್_ಬಿಲ್ ಅನ್ನುವ ಹೆಲ್ಪರ್ (ಟೆಸ್ಟ್‌ಗೆ ನೆರವಾಗುವ ಫಂಕ್ಷನ್) ಬೇರೆ ಫೈಲಿನಲ್ಲಿತ್ತು. ಅದು ತೂಕ, ದರ, ಮೊತ್ತ, ಕಡಿತ, ಪಾವತಿ ಇವನ್ನೆಲ್ಲ ನೋಡಿ, 'ಆಂಡ್' ಹಾಕಿ ಒಟ್ಟುಗೂಡಿಸಿ, ಕೊನೆಗೆ ಟ್ರೂ ಅಥವಾ ಫಾಲ್ಸ್ ಅಂತ ಒಂದೇ ಉತ್ತರ ಕೊಡುತ್ತಿತ್ತು. ಯಾವುದು ತಾಳೆಯಾಗಲಿಲ್ಲ ಅನ್ನುವುದು ಹೆಲ್ಪರ್‌ಗೆ ಗೊತ್ತಿತ್ತು. ಆದರೆ ಅದನ್ನು ಹೊರಗೆ ಹೇಳುವ ದಾರಿಯೇ ಅದಕ್ಕೆ ಇರಲಿಲ್ಲ.

ಹುಡುಗಿ ನಡುನಡುವೆ ಪ್ರಿಂಟ್ ಹಾಕುತ್ತಾ ಹೋದಳು. ಆಫೀಸಿನಲ್ಲಿ ಎಲ್ಲರೂ ಮನೆಗೆ ಹೋದ ಮೇಲೂ ಕೂತಿದ್ದಳು. ಕೊನೆಗೆ ಸಿಕ್ಕಿತು: ಹೆಲ್ಪರ್ ಒಳಗೇ ದರದ ಸೂತ್ರ ಇತ್ತು, ಅದರಲ್ಲಿ 340 ಮತ್ತು 3.32 ನೇರವಾಗಿ ಬರೆದಿತ್ತು. ಅಂದರೆ ಕೋಡ್ ಸರಿಯಾಗಿಯೇ ಇತ್ತು, ಟೆಸ್ಟ್ ಹಳೆಯ ದರ ಕೇಳುತ್ತಿತ್ತು. ನಿರೀಕ್ಷೆ ಮಾಡಿದ್ದ ಬದಲಾವಣೆಯೇ. ಒಂದು ನಿಮಿಷದಲ್ಲಿ ತಿಳಿಯಬೇಕಾದ ವಿಷಯಕ್ಕೆ ಒಂದು ಸಂಜೆ ಹೋಯಿತು.

ಇದರಾಚೆಗಿನದು ಇನ್ನೂ ಕುತೂಹಲದ್ದು. ಅವಳು ಹೆಲ್ಪರ್‌ನಲ್ಲಿ 340 ಇದ್ದಲ್ಲಿ 355 ಹಾಕಿದಳು, 3.32 ಹಾಗೇ ಉಳಿಯಿತು. ಮೊದಲ ಸಾಲು ಪಾಸ್ ಆಯಿತು! ಹೇಗೆ? ಹೋಲಿಕೆ ಹೀಗಿತ್ತು: ಎರಡು ದರಗಳ ವ್ಯತ್ಯಾಸ 1ಕ್ಕಿಂತ ಕಡಿಮೆ ಇದ್ದರೆ ಸರಿ. ಮೊದಲ ಬಿಲ್ಲಿನ ರಿಕವರಿ 10.75. ಅಂದರೆ ಐದು ಹೆಜ್ಜೆ. ಸರಿಯಾದ ದರ 372.30, ಹಳೆಯ ಹೆಜ್ಜೆ ಹಾಕಿದರೆ 371.60. ವ್ಯತ್ಯಾಸ 70 ಪೈಸೆ. ಒಂದು ರೂಪಾಯಿಯ ಸಡಿಲಿಕೆ ಅದನ್ನು ನುಂಗಿಹಾಕಿತು. ಕ್ವಿಂಟಲ್‌ಗೆ 70 ಪೈಸೆ ಅಂದರೆ ಟನ್‌ಗೆ 7 ರೂಪಾಯಿ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಯಲ್ಲಿ ಅದು ದಿನಕ್ಕೆ 35,000 ರೂಪಾಯಿ. ಯಾರೋ ಕಾನ್ಫಿಗ್‌ನಲ್ಲಿ ಹೆಜ್ಜೆಯ ಅಂಕಿ ಬದಲಿಸಲು ಮರೆತಿದ್ದರೂ ಈ ಸಾಲು ಬಾಯಿ ಬಿಡುತ್ತಿರಲಿಲ್ಲ.

ಆಮೇಲೆ ಎರಡನೆಯ ಸಾಲು ಬಿತ್ತು. ಅದರ ರಿಕವರಿ 9.25, ಹತ್ತು ಹೆಜ್ಜೆ ಕೆಳಗೆ. ಅಲ್ಲಿ ವ್ಯತ್ಯಾಸ 1.40 ಆಗಿದ್ದರಿಂದ ಸಡಿಲಿಕೆ ದಾಟಿತು. ಮತ್ತೆ ಅದೇ 'ಫಾಲ್ಸ್ ಈಸ್ ನಾಟ್ ಟ್ರೂ'. ಅವಳಿಗೆ ಆಗ 3.32 ಕಣ್ಣಿಗೆ ಬಿತ್ತು, 3.46 ಮಾಡಿದಳು. ಎಲ್ಲ ಹಸಿರಾಯಿತು. ಟೆಸ್ಟ್ ಮಾಡುವವರು ಇಂಥ ಸಾಲುಸಾಲು ಅಸರ್ಷನ್‌ಗಳಿಗೆ ಅಸರ್ಷನ್ ರೂಲೆಟ್ ಅಂತ ಹೆಸರಿಟ್ಟಿದ್ದಾರೆ. ಯಾವುದು ಬಿತ್ತು ಅಂತ ತಿಳಿಯಲು ಜೂಜಾಡಿದ ಹಾಗೆ ಆಡಬೇಕು.

ಮರುದಿನ ಬೆಳಗ್ಗೆ ಅವಳು ಹೇಳಿದ ಮಾತು ಹೀಗಿತ್ತು: "ಸರ್, ಹಸಿರಾಗೇತ್ರಿ. ಆದ್ರ ಏನ್ ಹಸಿರಾಗೇತಿ ಅಂತ ನನಗ ತಿಳೀವಲ್ದು."

ಈ ಮಾತಿಗೇ ನಾನು ಆ ಫೈಲನ್ನು ಮತ್ತೆ ಬರೆಯೋಣ ಅಂದೆ. ಟೆಸ್ಟನ್ನು ಹಸಿರು ಮಾಡುವವರೆಗೆ ಅಂಕಿ ತಿದ್ದುವುದು ತಪ್ಪು ಅಂತ ಎಲ್ಲರಿಗೂ ಗೊತ್ತು. ಆದರೆ ಓದಲಾಗದ ಅಸರ್ಷನ್ ಮುಂದೆ ಕೂತವರು ಬೇರೆ ಏನು ಮಾಡಲಿಕ್ಕೆ ಸಾಧ್ಯ? ಅದು ಇನ್ನೇನನ್ನೂ ಹೇಳಿಕೊಡುವುದಿಲ್ಲ ಅಲ್ವಾ?

ಮೊದಲ ಪ್ರಯತ್ನ, ಮತ್ತು ಅದು ಯಾಕೆ ನಿಲ್ಲಲಿಲ್ಲ

ನಮ್ಮಲ್ಲೊಬ್ಬರು ಬಹಳ ವರ್ಷ ಜಾವಾದಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ಅವರಿಗೆ ಅಸರ್ಷನ್ ಬರೆಯುವ ಲೈಬ್ರರಿ ಅಸರ್ಟ್‌ಜೆ ಅಂದರೆ ಪ್ರಾಣ. ಅದರಲ್ಲಿ ಅಸರ್ಷನ್‌ಗಳನ್ನು ಚುಕ್ಕೆ ಹಾಕುತ್ತಾ ಸರಪಳಿಯಂತೆ ಜೋಡಿಸಬಹುದು, ವಾಕ್ಯದ ಹಾಗೆ ಓದಿಸಿಕೊಂಡು ಹೋಗುತ್ತದೆ. ಅವರು ಪೈಥಾನ್‌ನಲ್ಲೂ ಅಂಥದ್ದನ್ನು ಕಟ್ಟಿದರು:

ಬಿಲ್ಲು(ಸ್ಲಿಪ್).ದರ_ಇರಲಿ("372.30").ಮತ್ತು().ಕಡಿತ_ಇರಲಿ("13500.00")

ಓದಲು ಚೆಂದ. ಎಲ್ಲರೂ ಮೆಚ್ಚಿದರು. ನನಗೂ ಹಿಡಿಸಿತ್ತು. ತೊಂದರೆ ಕಂಡದ್ದು ಬೇಕೆಂದೇ ಒಂದು ಅಂಕಿ ಕೆಡಿಸಿ ಫೇಲ್ ಮಾಡಿ ನೋಡಿದಾಗ. ಎರರ್ ತೋರಿಸಿದ ಸಾಲು ಟೆಸ್ಟ್‌ನಲ್ಲಿ ಇರಲಿಲ್ಲ, ಆ ಸರಪಳಿಯ ಕ್ಲಾಸ್ ಒಳಗೆಲ್ಲೋ ಇತ್ತು. ಜೊತೆಗೆ ಹೊಸ ತರಹದ ಪರೀಕ್ಷೆ ಬೇಕಾದಾಗೆಲ್ಲ ಆ ಕ್ಲಾಸಿಗೆ ಹೊಸ ಮೆಥಡ್ ಬೇಕು. 'ಮತ್ತು' ಅನ್ನುವ ಮೆಥಡ್ ಏನೂ ಮಾಡುವುದಿಲ್ಲ, ಸುಮ್ನೆ ಅಲಂಕಾರಕ್ಕೆ ಇದೆ.

ಜಾವಾದಲ್ಲಿ ಈ ಸರಪಳಿಗೆ ಒಂದು ಕಾರಣ ಇದೆ. ಅಲ್ಲಿ ಬರಿಯ ಅಸರ್ಟ್ ಬರೆದರೆ ಎರಡೂ ಕಡೆಯ ಬೆಲೆ ಏನಿತ್ತು ಅಂತ ತಾನಾಗಿ ತೋರಿಸುವುದಿಲ್ಲ. ಜಾವಾದ ಟೆಸ್ಟ್ ಸಾಧನ ಜೆಯೂನಿಟ್‌ನ ಅಸರ್ಟ್‌ಈಕ್ವಲ್ಸ್ ತೋರಿಸುತ್ತದೆ, ಆದರೆ ಅದರಲ್ಲಿ ನಿರೀಕ್ಷಿತ ಬೆಲೆ ಮೊದಲು ಬರಬೇಕು. ಇನ್ನೊಂದು ಸಾಧನ ಟೆಸ್ಟ್‌ಎನ್‌ಜಿಯಲ್ಲಿ ಅದೇ ಹೆಸರಿನ ಮೆಥಡ್‌ಗೆ ಬಂದ ಬೆಲೆ ಮೊದಲು, ನಿರೀಕ್ಷಿತ ಆಮೇಲೆ. ಎರಡರಲ್ಲೂ ಕೆಲಸ ಮಾಡಿದವರು ಒಂದಲ್ಲ ಒಂದು ದಿನ ತಿರುವುಮುರುವು ಬರೆದೇ ಇರುತ್ತಾರೆ. ಅಸರ್ಟ್‌ಜೆಯ ಬರವಣಿಗೆಯಲ್ಲಿ ಈ ಗೊಂದಲ ಇಲ್ಲ. ಅದಕ್ಕೂ ಅದರದೇ ಒಂದು ಗುಂಡಿ ಇದೆ: ಅಸರ್ಟ್‌ದಟ್ ಅಂತ ಬರೆದು ಆವರಣದೊಳಗೆ ಹೋಲಿಕೆ ಹಾಕಿ, ಕೊನೆಗೆ ಈಸ್‌ಟ್ರೂ ಸೇರಿಸಲು ಮರೆತರೆ, ಟೆಸ್ಟ್ ಏನನ್ನೂ ಪರೀಕ್ಷಿಸದೆ ಪಾಸ್ ಆಗುತ್ತದೆ.

ಪೈಥಾನ್‌ನಲ್ಲಿ ಟೆಸ್ಟ್ ಓಡಿಸುವ ಸಾಧನ ಪೈಟೆಸ್ಟ್‌ನಲ್ಲಿ ಕತೆ ಬೇರೆ. ಟೆಸ್ಟ್ ಫೈಲ್ ಲೋಡ್ ಆಗುವಾಗಲೇ ಪೈಟೆಸ್ಟ್ ಅದರ ಅಸರ್ಟ್ ಸಾಲುಗಳನ್ನು ಒಳಗೊಳಗೇ ಬದಲಿಸಿಬಿಡುತ್ತದೆ. ಫೇಲ್ ಆದಾಗ ಎಡಗಡೆ ಏನಿತ್ತು, ಬಲಗಡೆ ಏನಿತ್ತು, ನಡುವಿನ ಕರೆಗಳು ಏನು ಕೊಟ್ಟವು ಅನ್ನುವುದೆಲ್ಲ ತಾನೇ ಅಚ್ಚು ಹಾಕುತ್ತದೆ. ಹಾಗಾಗಿ ನಾವು ಸರಪಳಿಯನ್ನು ತೆಗೆದುಹಾಕಿ ಇಷ್ಟಕ್ಕೆ ಬಂದೆವು:

ಅಸರ್ಟ್ ದರ(ರಿಕವರಿ="10.75", ಹಂಗಾಮು="2025-26") == ಡೆಸಿಮಲ್("372.30")

ಇದು ನೋಡಲು ಬೋಳು ಅನ್ನಿಸಬಹುದು. ಆದರೆ ಬಿದ್ದಾಗ ಸರಿಯಾದ ಸಾಲನ್ನೇ ತೋರಿಸುತ್ತದೆ, ಎರಡೂ ಅಂಕಿ ಕಾಣುತ್ತವೆ, ಯಾವ ರಿಕವರಿ, ಯಾವ ಹಂಗಾಮು ಅಂತ ಸಾಲಿನಲ್ಲೇ ಇದೆ. ಜಾವಾದಿಂದ ಬಂದವರಿಗೆ ಸ್ವಲ್ಪ ಬೇಜಾರಾಯಿತು. ಎರಡು ಬಗೆಯನ್ನೂ ಬೇಕೆಂದೇ ಫೇಲ್ ಮಾಡಿಸಿ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಒಪ್ಪಿದರು. ಆವತ್ತಿನಿಂದ ನಮ್ಮಲ್ಲಿ ಇದೊಂದು ರೂಢಿ ಆಗಿದೆ: ಹೊಸ ಅಸರ್ಷನ್ ರಿವ್ಯೂಗೆ ಬಂದರೆ, ಅದನ್ನು ಒಮ್ಮೆ ಬೀಳಿಸಿ ಆ ಲಾಗ್ ಸಹ ಜೊತೆಗೆ ಹಾಕಬೇಕು. ಅಸರ್ಷನ್ ಹೇಗೆ ಕಾಣುತ್ತದೆ ಅನ್ನುವುದು ಕೋಡ್‌ನಲ್ಲಿ ನೋಡಿದರೆ ತಿಳಿಯುವುದಿಲ್ಲ.

ಡೆಸಿಮಲ್ ಬಗ್ಗೆ ಒಂದು ಮಾತು. ಅದು ದಶಮಾಂಶ ಅಂಕಿಯನ್ನು ಬರೆದ ಹಾಗೇ ಹಿಡಿದಿಡುವ ಬಗೆ, ಫ್ಲೋಟ್ ಅಂದಾಜಾಗಿ ಹಿಡಿದಿಡುವ ಬಗೆ. ಹಳೆಯ ಟೆಸ್ಟ್‌ನಲ್ಲಿ ಒಂದು ರೂಪಾಯಿಯ ಸಡಿಲಿಕೆ ಯಾಕೆ ಬಂತು ಅಂತ ಊಹಿಸಬಹುದು. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ಹೋಲಿಕೆ ಬೀಳುತ್ತದೆ. ಬೇಸತ್ತು ಯಾರೋ 1 ಹಾಕಿರಬೇಕು. ದುಡ್ಡಿನ ಲೆಕ್ಕದಲ್ಲಿ ಸಡಿಲಿಕೆಯೇ ಬೇಡ, ಡೆಸಿಮಲ್ ಬಳಸಿ ನೇರ ಹೋಲಿಸಿ. ಆದರೆ ಎರಡೂ ಕಡೆ ಡೆಸಿಮಲ್ ಇರಬೇಕು. ಒಂದು ಕಡೆ ಡೆಸಿಮಲ್ 372.30, ಇನ್ನೊಂದು ಕಡೆ ಫ್ಲೋಟ್ 372.3 ಇದ್ದರೆ ಪೈಥಾನ್ ಎರಡೂ ಬೇರೆ ಅನ್ನುತ್ತದೆ. ಲಾಗ್‌ನಲ್ಲಿ ಎರಡು ಒಂದೇ ಅಂಕಿ ನೋಡಿ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಕಾಕಾ ಕಂಡುಹಿಡಿದ ಸಾಲು

ಸೂತ್ರ ಟೆಸ್ಟ್ ಒಳಗೆ ಇರಬಾರದು ಅನ್ನುವುದು ನಮ್ಮ ಎರಡನೆಯ ತೀರ್ಮಾನ. ಕೋಡ್‌ನಲ್ಲಿರುವ ಸೂತ್ರವನ್ನೇ ಟೆಸ್ಟ್‌ನಲ್ಲೂ ಬರೆದರೆ, ಸೂತ್ರ ತಪ್ಪಿದ್ದಾಗ ಎರಡೂ ಒಟ್ಟಿಗೆ ತಪ್ಪುತ್ತವೆ, ಟೆಸ್ಟ್ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಒಂದು ಪಟ್ಟಿ ಮಾಡಿದೆವು. ಹಂಗಾಮು, ರಿಕವರಿ, ಬರಬೇಕಾದ ದರ, ಅಷ್ಟೇ. ಅಂಕಿ ಎಲ್ಲವೂ ಕಣ್ಣಿಗೆ ಕಾಣುವ ಹಾಗೆ:

2025-26, 10.25, 355.00
2025-26, 10.75, 372.30
2025-26, 11.25, 389.60
2025-26, 9.75, 337.70
2025-26, 9.25, 320.40

ಹುಡುಗಿ ಈ ಅಂಕಿಗಳನ್ನು ಹಳೆಯ ಹೆಲ್ಪರ್‌ನ ಸೂತ್ರದಿಂದಲೇ ತೆಗೆದು ಬರೆದಿದ್ದಳು. ಕೋಡ್ ಜೊತೆ ತಾಳೆ ಆಯಿತು, ಎಲ್ಲ ಪಾಸ್.

ಆ ವಾರ ಕೃಷ್ಣಾ ತೀರದ ಕಡೆಯ ಒಂದು ಕಾರ್ಖಾನೆಯಿಂದ ಕಬ್ಬು ವಿಭಾಗದ ಅಕೌಂಟೆಂಟ್ ಬಂದಿದ್ದರು, ಹಂಗಾಮು ಶುರುವಾಗುವ ಮೊದಲು ಸಾಫ್ಟ್‌ವೇರ್ ನೋಡಿಕೊಂಡು ಹೋಗಲು. ವಯಸ್ಸಾದವರು, ನಾವೆಲ್ಲ ಕಾಕಾ ಅನ್ನುತ್ತೇವೆ. ಮೊದಲೆಲ್ಲ ಅವರಿಗೆ ಸ್ಕ್ರೀನ್ ತೋರಿಸುತ್ತಿದ್ದೆವು, ಟೆಸ್ಟ್ ತೋರಿಸಿದ್ದು ಇಲ್ಲವೇ ಇಲ್ಲ. ತೋರಿಸಿದ್ದರೂ 'ಚೆಕ್_ಬಿಲ್(ಬಿ1, ಆರ್1)' ನೋಡಿ ಅವರು ಏನು ಮಾಡಬೇಕಿತ್ತು? ಈ ಸಲ ಪಟ್ಟಿ ಪರದೆಯ ಮೇಲೆ ಇತ್ತು. ಚಹಾ ಕುಡಿಯುತ್ತಾ ನೋಡಿದರು. ಕನ್ನಡಕ ಮೇಲೆತ್ತಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ತಂಗಿ, ಈ 320.40 ಯಾರ್ ಬರದಾರ?"

"ಲೆಕ್ಕಾ ಮಾಡೀನ್ರಿ ಕಾಕಾ. ಹತ್ತು ಹೆಜ್ಜಿ ಕೆಳಗ, 34.60 ಕಳದೀನಿ."

"ಲೆಕ್ಕಾ ಬರೋಬ್ಬರಿ ಐತಿ. ಆದ್ರ 9.5ರ ಕೆಳಗ ಹ್ವಾದ್ರ ದರಾ ಇಳಿಯಂಗಿಲ್ಲ. ಅಲ್ಲೇ ನಿಲ್ತೈತಿ. 329.05."

ಮೊದಲು ಹೇಳಿದೆನಲ್ಲ, ಇನ್ನೊಂದು ನಿಯಮ ಇದೆ ಅಂತ, ಅದು ಇದೇ. ರಿಕವರಿ 9.5 ಶೇಕಡಾಕ್ಕಿಂತ ಕಡಿಮೆ ಆದರೂ ರೈತರ ದರದಲ್ಲಿ ಅದಕ್ಕಿಂತ ಹೆಚ್ಚು ಕಡಿತ ಇಲ್ಲ. 2025-26ಕ್ಕೆ ಆ ಕೆಳಗಿನ ಮಿತಿ 329.05, ಹಿಂದಿನ ಹಂಗಾಮಿಗೆ 315.10. ನಮ್ಮ ಕೈಗೆ ಬಂದ ಕೋಡ್‌ನಲ್ಲಿ ಈ ಮಿತಿಯೇ ಇರಲಿಲ್ಲ. ಟೆಸ್ಟ್ ಸೂತ್ರದಲ್ಲೂ ಇರಲಿಲ್ಲ. ಎರಡೂ ಸೇರಿ ಹಸಿರು ತೋರಿಸುತ್ತಿದ್ದವು. ನಮ್ಮ ಕಾರ್ಖಾನೆಗಳ ರಿಕವರಿ ಅಷ್ಟು ಕೆಳಗೆ ಹೋಗಿಲ್ಲದ ಕಾರಣ ಯಾರ ಬಿಲ್ಲೂ ತಪ್ಪಾಗಿರಲಿಲ್ಲ. ಹೋಗಿದ್ದರೆ? 9.25 ರಿಕವರಿಯಲ್ಲಿ ಕ್ವಿಂಟಲ್‌ಗೆ 8.65 ರೂಪಾಯಿ ಕಡಿಮೆ, ಟನ್‌ಗೆ 86.50. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 18 ಟನ್ ತಂದಿದ್ದರೆ ಒಂದು ಖೇಪಿಗೆ 1,557 ರೂಪಾಯಿ.

ಕಾಕಾಗೆ ಪೈಥಾನ್ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಈ ಪ್ರಕರಣದಿಂದ ನಾನು ಒಂದನ್ನೇ ಎತ್ತಿ ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ. ಓದುವಂಥ ಅಸರ್ಷನ್ ಅಂದಾಗ ನಾವು ಸಾಮಾನ್ಯವಾಗಿ ಇನ್ನೊಬ್ಬ ಪ್ರೋಗ್ರಾಮರ್ ಓದುವುದನ್ನು ಮಾತ್ರ ನೆನೆಯುತ್ತೇವೆ. ಆದರೆ ಆ ಅಂಕಿ ಸರಿಯೋ ತಪ್ಪೋ ಅಂತ ಹೇಳಬಲ್ಲವರು ಹೆಚ್ಚಿನ ಸಲ ಪ್ರೋಗ್ರಾಮರ್ ಅಲ್ಲ. ಅವರ ಕಣ್ಣಿಗೆ ಅಂಕಿ ಬೀಳಬೇಕು, ಅವರು ದಿನಾ ಆಡುವ ಮಾತಿನಲ್ಲಿ ಬೀಳಬೇಕು. ಬಿ1, ಆರ್1 ಅಂತ ಬರೆದರೆ ಅದು ಬರೆದವರಿಗೂ ಮುಂದಿನ ವರ್ಷಕ್ಕೆ ಅರ್ಥವಾಗುವುದಿಲ್ಲ.

ಸಾಲು ತಿದ್ದಿದೆವು, ಟೆಸ್ಟ್ ಬಿತ್ತು, ಆಮೇಲೆ ಕೋಡ್ ತಿದ್ದಿದೆವು. ಪಟ್ಟಿಗೆ 9.5 ಮತ್ತು 9.6ರ ಸಾಲುಗಳನ್ನೂ ಸೇರಿಸಿದೆವು, ಮಿತಿಯ ಅಂಚಿನಲ್ಲಿ ಏನಾಗುತ್ತದೆ ಅಂತ ತಿಳಿಯಲು. ಜೊತೆಗೆ 'ಏಕೆ' ಅನ್ನುವ ನಾಲ್ಕನೆಯ ಅಂಕಣ ಬಂತು. 9.25ರ ಸಾಲಿನ ಏಕೆ: "ರಿಕವರಿ 9.5ರ ಕೆಳಗೆ ಹೋದರೂ ದರ ಇಳಿಯಬಾರದು". ಅಸರ್ಟ್ ಸಾಲಿನ ಕೊನೆಯಲ್ಲಿ ಅಲ್ಪವಿರಾಮ ಹಾಕಿ ಈ ವಾಕ್ಯವನ್ನು ಮೆಸೇಜ್ ಆಗಿ ಕೊಟ್ಟೆವು. ಬಂದ ಬೆಲೆ, ಬರಬೇಕಾದ ಬೆಲೆ ಎರಡನ್ನೂ ಪೈಟೆಸ್ಟ್ ಹೇಗೂ ತೋರಿಸುತ್ತದೆ, ಅದನ್ನೇ ಮೆಸೇಜ್‌ನಲ್ಲಿ ಮತ್ತೆ ಬರೆಯುವುದು ದಂಡ. ನಿಯಮ ಏನು ಅನ್ನುವುದನ್ನು ಮಾತ್ರ ಯಂತ್ರ ಹೇಳಲಾರದು, ಅದನ್ನು ನಾವು ಬರೆಯಬೇಕು.

ಮೆಸೇಜ್ ಕೊಡುವಾಗ ಒಬ್ಬರು ಇಡೀ ಸಾಲಿಗೆ ಆವರಣ ಹಾಕಿಬಿಟ್ಟಿದ್ದರು. ಆಗ ಅದು ಎರಡು ಅಂಶದ ಟ್ಯೂಪಲ್ (ಅಂಶಗಳ ಗುಂಪು) ಆಗುತ್ತದೆ. ಟ್ಯೂಪಲ್ ಖಾಲಿ ಇಲ್ಲದಿದ್ದರೆ ಯಾವಾಗಲೂ ಟ್ರೂ. ಟೆಸ್ಟ್ ಎಂದೂ ಬೀಳುವುದಿಲ್ಲ. ಇದಕ್ಕೆ ಪೈಥಾನ್‌ನಿಂದ ಎಚ್ಚರಿಕೆ ಬರುತ್ತದೆ. ಓದಬೇಕಷ್ಟೇ.

ಇಡೀ ಬಿಲ್ಲನ್ನು ಹೋಲಿಸುವುದು

ದರಕ್ಕೆ ಒಂದೊಂದು ಸಾಲು ಸಾಕು. ಬಿಲ್ಲಿಗೆ ಸಾಲದು. ಎಫ್‌ಆರ್‌ಪಿ ಅನ್ನುವುದು ಕಾರ್ಖಾನೆ ಗೇಟಿನ ದರ. ಕಟಾವು ಮತ್ತು ಸಾಗಣೆಯನ್ನು ಕಾರ್ಖಾನೆಯೇ ಮಾಡಿಸಿದ್ದರೆ ಆ ಖರ್ಚು ಬಿಲ್ಲಿನಲ್ಲಿ ಕಡಿತ ಆಗುತ್ತದೆ. ರೈತರು ಕಾರ್ಖಾನೆಗೆ ಬಂದು ಜಗಳ ತೆಗೆಯುವುದು ಬಹುಪಾಲು ಈ ಸಾಲಿನ ಮೇಲೆಯೇ. ತೂಕ, ದರ, ಮೊತ್ತ, ಕಡಿತ, ಪಾವತಿ ಐದನ್ನೂ ಬೇರೆ ಬೇರೆ ಅಸರ್ಟ್ ಮಾಡಿದರೆ ಮೊದಲನೆಯದು ಬಿದ್ದಾಗ ಉಳಿದವು ಕಾಣುವುದಿಲ್ಲ. ಹಾಗಾಗಿ ಬಿಲ್ಲನ್ನೇ ನಾಲ್ಕಾರು ಸಾಲಿನ ಪಠ್ಯ ಮಾಡಿ, ಪಠ್ಯಕ್ಕೆ ಪಠ್ಯ ಹೋಲಿಸಿದೆವು. ಹಳೆಯ ದರ ಉಳಿದುಕೊಂಡರೆ ಈಗ ಲಾಗ್‌ನಲ್ಲಿ ಬರುವುದು ಹೀಗೆ:

  18.000 ನಿವ್ವಳ ತೂಕ, ಟನ್
- 3723.00 ದರ, ಟನ್‌ಗೆ
+ 3566.00 ದರ, ಟನ್‌ಗೆ
- 67014.00 ಕಬ್ಬಿನ ಮೊತ್ತ
+ 64188.00 ಕಬ್ಬಿನ ಮೊತ್ತ
  13500.00 ಕಟಾವು-ಸಾಗಣೆ ಕಡಿತ
- 53514.00 ರೈತರಿಗೆ ಪಾವತಿ
+ 50688.00 ರೈತರಿಗೆ ಪಾವತಿ

(ಕಡಿತಕ್ಕೆ ಟನ್‌ಗೆ 750 ಅಂತ ಟೆಸ್ಟ್‌ಗಾಗಿ ಇಟ್ಟುಕೊಂಡ ಅಂಕಿ ಇದು.) ಮೈನಸ್ ಇರುವುದು ಬರಬೇಕಾದದ್ದು, ಪ್ಲಸ್ ಇರುವುದು ಬಂದದ್ದು. ಪೈಟೆಸ್ಟ್ 5.4ರಿಂದ ಅರ್ಥ ಹೀಗಿದೆ, ಆದರೆ ಬಂದ ಬೆಲೆಯನ್ನು ಎಡಗಡೆ ಬರೆದರೆ ಮಾತ್ರ. ನಾವು ಎಲ್ಲ ಕಡೆ ಎಡಕ್ಕೆ ಬಂದದ್ದು, ಬಲಕ್ಕೆ ಬರಬೇಕಾದದ್ದು ಅಂತ ಕಟ್ಟುನಿಟ್ಟು ಮಾಡಿಕೊಂಡೆವು. ದರ ತಪ್ಪಿದೆ, ತೂಕ ಮತ್ತು ಕಡಿತ ಸರಿ ಇವೆ, ಉಳಿದೆರಡು ದರದ ಹಿಂದೆ ಹೋಗಿವೆ. ಲಾಗ್ ನೋಡಿದ ತಕ್ಷಣ ಇಷ್ಟೂ ತಿಳಿಯುತ್ತದೆ.

ಅಂಕಿ ಎಡಗಡೆ ಯಾಕೆ ಇದೆ ಅಂತ ನೀವು ಕೇಳಬಹುದು. ಮೊದಲು ಹೆಸರು ಎಡಕ್ಕೆ, ಅಂಕಿ ಬಲಕ್ಕೆ ಇತ್ತು. ಟರ್ಮಿನಲ್‌ನಲ್ಲಿ ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಬರುವುದಿಲ್ಲ, ಒತ್ತಕ್ಷರ ಬಂದಲ್ಲೆಲ್ಲ ಅಂಕಣ ಹಾವಿನ ಹಾಗೆ ಡೊಂಕಾಗುತ್ತಿತ್ತು. ಅಂಕಿ ಮುಂದೆ ಹಾಕಿದ ಮೇಲೆ ಸರಿಹೋಯಿತು.

ಈ ಬಗೆಯ ಹೋಲಿಕೆಯನ್ನು ಜಾಸ್ತಿ ಹಚ್ಚಿಕೊಳ್ಳಬಾರದು. ಬಿಲ್ಲಿನಲ್ಲಿ ಒಂದು ಹೆಸರು ಬದಲಾದರೂ ಎಲ್ಲ ಟೆಸ್ಟ್ ಬೀಳುತ್ತವೆ. ಸ್ಲಿಪ್ ನಂಬರ್, ಅಚ್ಚಾದ ಸಮಯ ಇಂಥವನ್ನೆಲ್ಲ ಸೇರಿಸಿದರೆ ಪ್ರತಿ ಸಲ ಬೀಳುತ್ತವೆ. ಅವನ್ನು ಹೊರಗಿಟ್ಟೆವು. ಮಾದರಿ ಬಿಲ್ಲುಗಳು ಕೆಲವೇ ಇವೆ: ಒಂದು ಸಾಮಾನ್ಯ, ಒಂದು ರೈತರೇ ಕಡಿದು ತಂದದ್ದು, ಒಂದು ಕಡಿಮೆ ರಿಕವರಿಯದು. ನಿಯಮಗಳೆಲ್ಲ ಪಟ್ಟಿಯಲ್ಲಿ.

ಕನ್ನಡ ಹೆಸರು ಇಟ್ಟಾಗ

ಪೈಥಾನ್ 3ರಲ್ಲಿ ಫಂಕ್ಷನ್ ಹೆಸರು ಕನ್ನಡದಲ್ಲಿ ಇಡಬಹುದು. ಕೆಲವು ಹೆಲ್ಪರ್‌ಗಳಿಗೆ ಇಟ್ಟೆವು. ಎರಡು ಕಡೆ ಎಡವಿದ್ದು ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಒಂದು, 'ಬಿಲ್‌ನ' ಅನ್ನುವಂಥ ಪದದಲ್ಲಿ ಅರ್ಧಾಕ್ಷರ ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಝಡ್‌ಡಬ್ಲ್ಯುಎನ್‌ಜೆ ಅಂತ. ಹೆಸರಿನಲ್ಲಿ ಅದಿದ್ದರೆ ಪೈಥಾನ್ ಒಪ್ಪುವುದಿಲ್ಲ, ಕಾಣದ ಅಕ್ಷರ ಯು+200ಸಿ ಇದೆ ಅಂತ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಕೆಲವು ಕೀಬೋರ್ಡ್‌ಗಳು ಅದನ್ನು ತಾವಾಗಿಯೇ ಸೇರಿಸುತ್ತವೆ. 'ಬಿಲ್ಲಿನ' ಅಂತ ಬರೆದರೆ ತಕರಾರಿಲ್ಲ. ಎರಡು, ಪಟ್ಟಿಯ ಪ್ರತಿ ಸಾಲಿಗೆ ಪೈಟೆಸ್ಟ್‌ನಲ್ಲಿ ಒಂದು ಗುರುತು ಕೊಡಬಹುದು. ಅದನ್ನು ಕನ್ನಡದಲ್ಲಿ ಕೊಟ್ಟರೆ ಪರದೆಯ ಮೇಲೆ ಕನ್ನಡದ ಬದಲು ಯೂನಿಕೋಡ್ ನಂಬರ್‌ಗಳ ಸಾಲು ಬರುತ್ತದೆ. ಇದನ್ನು ನಿಲ್ಲಿಸುವ ಒಂದು ಸೆಟ್ಟಿಂಗ್ ಇದೆ. ಅದರ ಹೆಸರಿನಲ್ಲೇ 'ಸಮುದಾಯದ ಸಹಾಯದ ಹಕ್ಕನ್ನೆಲ್ಲ ಬಿಟ್ಟುಕೊಡುತ್ತೇನೆ' ಅನ್ನುವ ಅರ್ಥದ ಮಾತು ಸೇರಿಸಿಟ್ಟಿದ್ದಾರೆ. ಅಷ್ಟೊಂದು ಹೆದರಿಸಿದ ಮೇಲೆ ನಾವು ಅದಕ್ಕೆ ಕೈ ಹಾಕಲಿಲ್ಲ. ಗುರುತಿಗೆ ಹಂಗಾಮು ಮತ್ತು ರಿಕವರಿಯ ಅಂಕಿ ಇಟ್ಟೆವು, ಕನ್ನಡ ವಾಕ್ಯ ಮೆಸೇಜ್‌ನಲ್ಲೇ ಉಳಿಯಿತು.

ಇದಕ್ಕೆ ಸಂಬಂಧ ಇಲ್ಲದ, ಆದರೆ ಅದೇ ವಾರ ತಲೆ ತಿಂದ ಇನ್ನೊಂದು. ಬಿಲ್ಲು ಹೋಲಿಸುವ ಹೆಲ್ಪರ್ ಅನ್ನು ಬೇರೆ ಫೈಲಿಗೆ ಸರಿಸಿದ ಕೂಡಲೇ ಲಾಗ್‌ನಲ್ಲಿ ವ್ಯತ್ಯಾಸ ಬರುವುದು ನಿಂತಿತು. ಬರಿ 'ಅಸರ್ಷನ್‌ಎರರ್' ಅನ್ನುವ ಒಂದೇ ಪದ. ಕಾರಣ, ಪೈಟೆಸ್ಟ್ ತನ್ನಷ್ಟಕ್ಕೆ ಬದಲಿಸುವುದು ಟೆಸ್ಟ್ ಫೈಲುಗಳು, ಕಾನ್‌ಫ್‌ಟೆಸ್ಟ್ (ಟೆಸ್ಟುಗಳ ಸಿದ್ಧತೆಯ ಫೈಲ್) ಮತ್ತು ಪ್ಲಗಿನ್‌ಗಳ ಅಸರ್ಟ್ ಸಾಲುಗಳನ್ನು ಮಾತ್ರ. ಉಳಿದ ಮಾಡ್ಯೂಲ್‌ಗಳಿಗೆ ರಿಜಿಸ್ಟರ್_ಅಸರ್ಟ್_ರೀರೈಟ್ ಅನ್ನುವ ಕರೆಯನ್ನು ಕಾನ್‌ಫ್‌ಟೆಸ್ಟ್ ಫೈಲಿನಲ್ಲಿ ಹಾಕಬೇಕು, ಅದೂ ಆ ಮಾಡ್ಯೂಲ್ ಇಂಪೋರ್ಟ್ ಆಗುವ ಮೊದಲು. ಹೆಲ್ಪರ್ ಒಳಗೆ ಟ್ರೇಸ್‌ಬ್ಯಾಕ್‌ಹೈಡ್ ಅನ್ನುವ ವೇರಿಯಬಲ್ ಅನ್ನು ಟ್ರೂ ಮಾಡಿದರೆ, ಎರರ್ ಹೆಲ್ಪರ್‌ನ ಸಾಲನ್ನು ಬಿಟ್ಟು ಅದನ್ನು ಕರೆದ ಟೆಸ್ಟ್ ಸಾಲನ್ನು ತೋರಿಸುತ್ತದೆ. ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಬೇಕು.

ನವೆಂಬರ್

ಹಂಗಾಮು ಶುರುವಾಗುವ ಹೊತ್ತಿಗೆ ಜಿಲ್ಲೆಯಲ್ಲಿ ಕಬ್ಬಿನ ಹೋರಾಟ ಜೋರಾಯಿತು. ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಬೇಕು ಅಂತ ಕೂತರು. ರಾಜ್ಯ ಸರ್ಕಾರ ನಡುವೆ ಬಂದು 3,300 ಅಂತ ಘೋಷಿಸಿತು. ನಮಗೆ ಅದು ಹೊಸ ಕೆಲಸ. ಎಫ್‌ಆರ್‌ಪಿ ಲೆಕ್ಕ ಒಂದು, ಒಪ್ಪಿದ ದರದ ಲೆಕ್ಕ ಇನ್ನೊಂದು. ಎರಡನ್ನೂ ಒಂದೇ ಪಟ್ಟಿಗೆ ತುರುಕೋಣ ಅಂತ ಒಂದು ಮಾತು ಬಂತು. ಬೇಡ ಅಂದೆ. ಕೇಂದ್ರದ ನಿಯಮ ಬದಲಾಗದೆ ಎಫ್‌ಆರ್‌ಪಿಯ ಒಂದು ಸಾಲು ಬಿದ್ದರೆ ಅದು ಬಗ್. ಒಪ್ಪಂದದ ದರದ ಸಾಲು ಬಿದ್ದರೆ ಮೊದಲು ಕೇಳಬೇಕಾದದ್ದು ಕಾರ್ಖಾನೆಯನ್ನು. ಫೇಲ್ ಆದಾಗ ಯಾರನ್ನು ಕೇಳಬೇಕು ಅನ್ನುವುದು ಬೇರೆ ಆದರೆ ಟೆಸ್ಟ್ ಕೂಡ ಬೇರೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಫೈಲ್ ಆದವು.

ಪಟ್ಟಿ ಈಗ ಸಿಎಸ್‌ವಿ ಫೈಲಿನಲ್ಲಿದೆ, ಕಾಕಾ ಕೇಳಿದ್ದಕ್ಕೆ. ಎಕ್ಸೆಲ್‌ನಲ್ಲಿ ತೆರೆದು ತಾವೇ ಸಾಲು ಸೇರಿಸಿ ಕಳಿಸುತ್ತಾರೆ. ಇದರಲ್ಲಿ ಒಂದು ನಷ್ಟ ಇದೆ: ಬಿದ್ದಾಗ ಪೈಟೆಸ್ಟ್ ಟೆಸ್ಟ್ ಫಂಕ್ಷನ್‌ನ ಸಾಲು ತೋರಿಸುತ್ತದೆ, ಸಿಎಸ್‌ವಿಯ ಸಾಲು ತೋರಿಸುವುದಿಲ್ಲ. ಫೈಲಿನ ಸಾಲಿನ ನಂಬರ್ ಅನ್ನು ಮೆಸೇಜ್ ಮುಂದೆ ಸೇರಿಸಿ ಅದನ್ನು ತುಂಬಿಕೊಂಡಿದ್ದೇವೆ. ಎಕ್ಸೆಲ್ 372.30ನ್ನು 372.3 ಮಾಡಿ ಉಳಿಸುತ್ತದೆ. ಪೈಥಾನ್‌ನ ಡೆಸಿಮಲ್‌ಗೆ ಎರಡೂ ಒಂದೇ ಆಗಿರುವುದರಿಂದ ತೊಂದರೆ ಬಂದಿಲ್ಲ. ಜಾವಾದ ಬಿಗ್‌ಡೆಸಿಮಲ್‌ನ ಈಕ್ವಲ್ಸ್ ಆಗಿದ್ದರೆ ಬೇರೆ ಅನ್ನುತ್ತಿತ್ತು.

ಕಾಟಾದ ಭಾಗದ ಟೆಸ್ಟುಗಳು ಇನ್ನೂ ಹಳೆಯ ರೂಪದಲ್ಲೇ ಇವೆ, ಅಸರ್ಟ್‌ಟ್ರೂ ತುಂಬಿಕೊಂಡು. ಹಂಗಾಮು ನಡೆಯುವಾಗ ಅವನ್ನೆಲ್ಲ ಒಟ್ಟಿಗೆ ಬಿಚ್ಚುವುದಿಲ್ಲ. ಒಂದು ಬಿದ್ದರೆ ಆ ಒಂದನ್ನು ಮಾತ್ರ ಮತ್ತೆ ಬರೆಯಬೇಕು, ಬರೆದ ಮೇಲೆ ಬೀಳಿಸಿದ ಲಾಗ್ ಜೊತೆ ಕಳಿಸಬೇಕು ಅಂತ ಮಾಡಿಕೊಂಡಿದ್ದೇವೆ. ಆ ರಿವ್ಯೂಗಳನ್ನು ಈಗ ಆ ಹುಡುಗಿಯೇ ನೋಡುತ್ತಾಳೆ.